ಕಷ್ಟದ ವರ್ಷ ಕಳೆದ ಮೇಲೆ ಒಂದು ಟ್ರಿಪ್ ಹೋಗಿಬಂದರೆ ಮನಸ್ಸು ಸರಿಹೋಗುತ್ತದೆಯೇ?

ಮನೆಯಲ್ಲೊಂದು ಸಾವು, ದೊಡ್ಡ ಆಪರೇಷನ್, ಕೈಬಿಟ್ಟ ಕೆಲಸ, ತಲೆಯ ಮೇಲೆ ಬಂದ ಸಾಲ. ಇವುಗಳಲ್ಲಿ ಒಂದೆರಡು ಒಂದೇ ವರ್ಷದಲ್ಲಿ ಬಂದುಹೋದ ಮನೆಗೆ ಸಿಗುವ ಸಲಹೆ ಸಾಮಾನ್ಯವಾಗಿ ಎರಡು. ‘ಎಲ್ಲಾದರೂ ಹೋಗಿ ಬನ್ನಿ, ಮನಸ್ಸು ಹಗುರಾಗುತ್ತೆ’ ಎನ್ನುವುದು ಒಂದು. ‘ಸುಮ್ಮನೆ ಕೂರಬೇಡಿ, ಏನಾದರೂ ಹವ್ಯಾಸ ಹಚ್ಚಿಕೊಳ್ಳಿ’ ಎನ್ನುವುದು ಇನ್ನೊಂದು. ವಾಟ್ಸಾಪ್‌ಗೆ ಬರುವಷ್ಟರಲ್ಲಿ ಇದೇ ಸಲಹೆಗೆ ರೆಕ್ಕೆಪುಕ್ಕ ಬಂದಿರುತ್ತದೆ. ಏಳು ದಿನ ಪ್ರವಾಸ ಹೋದರೆ ಮೆದುಳು ‘ರೀಸೆಟ್’ ಆಗುತ್ತದೆ, ಯಾವುದೇ ಹವ್ಯಾಸ 21 ದಿನ ಮಾಡಿದರೆ ಅಂಟಿಕೊಂಡುಬಿಡುತ್ತದೆ, ಖಿನ್ನತೆಗೆ ಮಾತ್ರೆ ಬೇಡ, ಪ್ರಕೃತಿಯ ಮಡಿಲು ಸಾಕು, ಹೀಗೆ.

ಕಳಿಸುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಇದರಲ್ಲಿ ನಿಜ ಎಷ್ಟು? ಪ್ರವಾಸದ ಬಗ್ಗೆ, ಹವ್ಯಾಸದ ಬಗ್ಗೆ, ದುಃಖದ ಬಗ್ಗೆ ಸಂಶೋಧಕರು ಸಾಕಷ್ಟು ಅಧ್ಯಯನ ಮಾಡಿದ್ದಾರೆ. ಒಂದೊಂದಾಗಿ ನೋಡೋಣ.

ಪ್ರವಾಸದ ಖುಷಿ ಎಷ್ಟು ದಿನ ಉಳಿಯುತ್ತದೆ?

ನೆದರ್ಲೆಂಡ್ಸ್‌ನಲ್ಲಿ 1,530 ಜನರನ್ನು ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ 974 ಮಂದಿ ರಜೆಯಲ್ಲಿ ಪ್ರವಾಸ ಹೋದವರು. ಹೋಗದವರಿಗಿಂತ ಇವರು ಹೆಚ್ಚು ಖುಷಿಯಾಗಿದ್ದರು, ಆದರೆ ಅದು ಹೊರಡುವ ಮುನ್ನ! ಹಿಂತಿರುಗಿದ ಮೇಲೆ ಹೋದವರಿಗೂ ಮನೆಯಲ್ಲೇ ಇದ್ದವರಿಗೂ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಪ್ರವಾಸ ‘ತುಂಬಾ ಆರಾಮವಾಗಿತ್ತು’ ಎಂದವರಲ್ಲಿ ಮಾತ್ರ ಸ್ವಲ್ಪ ಖುಷಿ ಉಳಿದಿತ್ತು, ಅದೂ ಕೆಲವೇ ವಾರಗಳಲ್ಲಿ ಕರಗಿತು.

ಜೆಸಿಕಾ ಡಿ ಬ್ಲೂಮ್ ಎಂಬ ಸಂಶೋಧಕಿ ಮತ್ತು ಸಂಗಡಿಗರು ದೀರ್ಘ ರಜೆ ಹಾಕಿದ 54 ಉದ್ಯೋಗಿಗಳನ್ನು ರಜೆಯ ಮೊದಲು, ನಡುವೆ ಮತ್ತು ನಂತರ ವಿಚಾರಿಸುತ್ತಾ ಹೋದರು. ರಜೆ ಸರಾಸರಿ 23 ದಿನದ್ದು. ಆರೋಗ್ಯ, ಲವಲವಿಕೆ ಎರಡೂ ಬೇಗ ಏರಿ ಸುಮಾರು ಎಂಟನೇ ದಿನ ತುದಿ ಮುಟ್ಟಿದವು. ಕೆಲಸಕ್ಕೆ ಮರಳಿದ ಮೊದಲ ವಾರದೊಳಗೆ ಎಲ್ಲ ಹಳೆಯ ಮಟ್ಟಕ್ಕೇ ಬಂದು ನಿಂತಿತು.

‘ಮೆದುಳು ರೀಸೆಟ್’ ಎಂಬ ಮಾತಿಗೆ ಇದರಲ್ಲಿ ಆಧಾರ ಇಲ್ಲ. ಹಾಗಂತ ಪ್ರವಾಸ ದಂಡ ಎಂದೂ ಅರ್ಥವಲ್ಲ. ಊಟ ಮಾಡಿದರೆ ಮತ್ತೆ ಹಸಿವಾಗುತ್ತದೆ, ಅಷ್ಟಕ್ಕೇ ಊಟ ವ್ಯರ್ಥ ಎನ್ನುತ್ತೇವೆಯೇ? ಈ ಅಧ್ಯಯನಗಳು ನಡೆದದ್ದು ಸಾಮಾನ್ಯ ಜನರ ಮೇಲೆ, ಆಗಷ್ಟೇ ಸಾವು ಕಂಡ ಮನೆಗಳ ಮೇಲಲ್ಲ ಎಂಬುದನ್ನೂ ನೆನಪಿಡಬೇಕು. ಇಷ್ಟನ್ನಂತೂ ಹೇಳಬಹುದು: ಖುಷಿಯ ದೊಡ್ಡ ಪಾಲು ಎದುರುನೋಡುವುದರಲ್ಲಿದೆ. ಹಾಗಿದ್ದರೆ ವರ್ಷಕ್ಕೊಂದು ಭಾರಿ ಟೂರ್‌ಗಿಂತ ಮೂರು ನಾಲ್ಕು ಸಣ್ಣ ಪ್ರಯಾಣಗಳು ವಾಸಿ. ಸಾಲ ಮಾಡಿ ಹೋಗುವ ಟೂರ್ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಖುಷಿ ವಾರದಲ್ಲಿ ಇಳಿಯುತ್ತದೆ, ಇಎಂಐ ವರ್ಷವಿಡೀ ಬರುತ್ತದೆ.

ಆರಾಮ ಎಂಬ ಮಾತು ಬಂತಲ್ಲ, ಅದರ ಬಗ್ಗೆ ಇನ್ನೊಂದು ವಿಷಯ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರುವುದಿಲ್ಲ ಎಂಬುದು ಬರೀ ಭ್ರಮೆಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಅಪರಿಚಿತ ಜಾಗದ ಮೊದಲ ರಾತ್ರಿ ಮೆದುಳಿನ ಎಡ ಅರ್ಧ ಬಲ ಅರ್ಧದಷ್ಟು ಗಾಢವಾಗಿ ಮಲಗುವುದಿಲ್ಲ, ಸಣ್ಣ ಸದ್ದಿಗೂ ಎಚ್ಚರಗೊಳ್ಳುತ್ತದೆ. ಕಾವಲುಗಾರನಂತೆ. ಈಗ ನಮ್ಮ ಫ್ಯಾಮಿಲಿ ಟೂರ್ ನೆನಪಿಸಿಕೊಳ್ಳಿ: ನಾಲ್ಕು ದಿನ, ನಾಲ್ಕು ಊರು, ನಾಲ್ಕು ಲಾಡ್ಜ್, ಬೆಳಿಗ್ಗೆ ಐದಕ್ಕೆ ಎದ್ದು ದರ್ಶನದ ಕ್ಯೂ. ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ! ವರ್ಷವಿಡೀ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರಿಗೆ ಇದು ವಿಶ್ರಾಂತಿಯಾಗುವುದು ಕಷ್ಟ. ಅಜ್ಜಿ ಮನೆಯಲ್ಲೋ ಅಕ್ಕನ ಮನೆಯಲ್ಲೋ ಒಂದೇ ಕಡೆ ನಾಲ್ಕು ದಿನ ಉಳಿದರೆ ಖರ್ಚೂ ಕಡಿಮೆ, ನಿದ್ದೆಯೂ ಸಿಗುತ್ತದೆ.

ಸಾವಾದ ವರ್ಷ ನಗಬಹುದೇ, ಹೊರಗೆ ಹೋಗಬಹುದೇ?

ಹೆಚ್ಚು ಜನ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ನಮ್ಮ ಕಡೆ ಅನೇಕ ಮನೆಗಳಲ್ಲಿ ಸಾವಾದ ಮೇಲೆ ವರ್ಷದ ತಿಥಿ ಮುಗಿಯುವ ತನಕ ಹಬ್ಬ ಮಾಡುವುದಿಲ್ಲ. ಪದ್ಧತಿ ಜಾತಿಯಿಂದ ಜಾತಿಗೆ, ಊರಿಂದ ಊರಿಗೆ ಬೇರೆ. ಹಬ್ಬ ಮಾಡಬೇಕೋ ಬೇಡವೋ ಎಂಬುದು ವಿಜ್ಞಾನ ತೀರ್ಮಾನಿಸುವ ವಿಷಯವಲ್ಲ. ಆದರೆ ದುಃಖದ ನಡುವೆ ನಕ್ಕರೆ ಹೋದವರಿಗೆ ಮೋಸ ಮಾಡಿದಂತೆ ಎಂಬ ಅಳುಕು ಇದೆಯಲ್ಲ, ಅದರ ಬಗ್ಗೆ ಹೇಳಲು ವಿಜ್ಞಾನಕ್ಕೆ ಸಾಕಷ್ಟಿದೆ.

ಮೊದಲು ಒಂದು ತಪ್ಪು ಕಲ್ಪನೆ. ದುಃಖಕ್ಕೆ ಐದು ಹಂತಗಳಿವೆ, ಒಂದಾದ ಮೇಲೊಂದನ್ನು ದಾಟಲೇಬೇಕು ಎಂಬ ಪೋಸ್ಟ್‌ಗಳನ್ನು ನೀವೂ ನೋಡಿರುತ್ತೀರಿ. ಈ ಐದು ಹಂತಗಳನ್ನು ಮನೋವೈದ್ಯೆ ಎಲಿಜಬೆತ್ ಕೂಬ್ಲರ್ ರಾಸ್ 1969ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅವರು ಮಾತಾಡಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು. ಹಿಂದೆ ಉಳಿದ ಮನೆಯವರ ದುಃಖಕ್ಕೆ ಅದನ್ನು ಅಳತೆಗೋಲು ಮಾಡಿಕೊಂಡದ್ದು ಆಮೇಲೆ. ಎಲ್ಲರೂ ಇದೇ ಕ್ರಮದಲ್ಲಿ ದುಃಖಿಸುತ್ತಾರೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ಅದಕ್ಕಿಂತ ನಮ್ಮ ಅನುಭವಕ್ಕೆ ಹತ್ತಿರವಾದ ವಿವರಣೆಯನ್ನು ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಕೊಟ್ಟರು. ದುಃಖದಲ್ಲಿರುವ ಮನಸ್ಸು ಎರಡು ಕಡೆಗೆ ಓಲಾಡುತ್ತಿರುತ್ತದೆ. ಒಮ್ಮೆ ಕಳೆದುಕೊಂಡದ್ದರ ಕಡೆಗೆ, ಅಂದರೆ ಅಳು, ನೆನಪು, ಫೋಟೋ ನೋಡುತ್ತಾ ಕೂರುವುದು. ಇನ್ನೊಮ್ಮೆ ಮುಂದಿನ ಬದುಕಿನ ಕಡೆಗೆ, ಅಂದರೆ ಬ್ಯಾಂಕ್ ಕೆಲಸ, ಮಕ್ಕಳ ಶಾಲೆ, ಹೊಸದೊಂದು ಕಲಿಕೆ, ಗೆಳತಿಯೊಡನೆ ಕಾಫಿ. ಈ ಓಲಾಟವೇ ಆರೋಗ್ಯದ ಲಕ್ಷಣ ಎಂಬುದು ಅವರ ವಾದ. ಬೆಳಿಗ್ಗೆ ಅತ್ತವರು ಸಂಜೆ ಮೊಮ್ಮಗುವಿನ ಜೊತೆ ನಕ್ಕರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಡಾಕರ್ ಕೆಲ್ಟ್ನರ್ ಮತ್ತು ಜಾರ್ಜ್ ಬೊನಾನೊ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರಿಕೊಂಡ ಗಂಡ ಅಥವಾ ಹೆಂಡತಿಯ ಬಗ್ಗೆ ಮಾತಾಡುವಾಗ ಮನಸಾರೆ ನಕ್ಕವರಲ್ಲಿ ಕೋಪ, ಸಂಕಟ ಕಡಿಮೆ ಇತ್ತು, ಇತರರೊಡನೆ ಸಂಬಂಧ ಚೆನ್ನಾಗಿತ್ತು. ನಗುವಿನಿಂದಲೇ ಹಾಗಾಯಿತು ಎಂದು ಇದರಿಂದ ಹೇಳಲಾಗದು. ನಕ್ಕರೆ ತಪ್ಪು ಎಂದಂತೂ ಹೇಳಲು ಸಾಧ್ಯವೇ ಇಲ್ಲ.

ಹಬ್ಬ ಮಾಡದ ವರ್ಷದ ಪದ್ಧತಿಯಲ್ಲಿ ನನಗೆ ಒಳ್ಳೆಯದೂ ಕಾಣುತ್ತದೆ. ‘ಯಾಕೆ ಇನ್ನೂ ಬೇಜಾರಾಗಿದ್ದೀಯ’ ಎಂದು ಕೇಳದೆ ಒಂದು ವರ್ಷ ಬಿಟ್ಟುಕೊಡುತ್ತದೆ ಅದು. ಈ ಪದ್ಧತಿ ಬೆಳೆದದ್ದು ತುಂಬಿದ ಮನೆಗಳಲ್ಲಿ, ಜನ ಬಂದುಹೋಗುತ್ತಿದ್ದ ಕಾಲದಲ್ಲಿ. ಫ್ಲಾಟ್‌ನಲ್ಲಿ ಒಬ್ಬರೇ ಇರುವ ಅಮ್ಮನಿಗೆ ಅದೇ ನಿಯಮ ದೀಪಾವಳಿಯ ದಿನ ಬಾಗಿಲು ಹಾಕಿಕೊಂಡು ಕೂರುವ ಶಿಕ್ಷೆಯಾಗಬಹುದು. ಹೋಳಿಗೆ ಮಾಡದಿದ್ದರೂ ಆ ದಿನ ಯಾರಾದರೂ ಜೊತೆಗಿರಬಹುದಲ್ಲ? ಮೊದಲ ಯುಗಾದಿ, ಮೊದಲ ಹುಟ್ಟುಹಬ್ಬ, ಮೊದಲ ಗೌರಿ ಬಾಗಿನ ಇವೆಲ್ಲ ನೋವು ಮರುಕಳಿಸುವ ದಿನಗಳು ಎಂದು ಮೊದಲೇ ಗೊತ್ತಿರುವಾಗ, ಅಂದು ಯಾರು ಬರುತ್ತಾರೆ, ಎಲ್ಲಿಗೆ ಹೋಗುವುದು ಎಂದು ವಾರದ ಮುಂಚೆಯೇ ಮಾತಾಡಿಕೊಳ್ಳುವುದು ಒಳ್ಳೆಯದು. ಹೋದವರ ಹೆಸರೆತ್ತದೆ ಇಡೀ ದಿನ ಕಳೆಯಲು ಎಲ್ಲರೂ ಹೆಣಗುವ ಮನೆಗಳಿವೆ. ಮಕ್ಕಳಿಗೆ ಆ ಮೌನ ಬಹಳ ಭಾರ.

ಹವ್ಯಾಸ ಔಷಧಿಯೇ?

ಪ್ರವಾಸಕ್ಕಿಂತ ಹವ್ಯಾಸದ ಪರವಾಗಿ ಪುರಾವೆ ಹೆಚ್ಚಿದೆ. 2023ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 16 ದೇಶಗಳ, 65 ದಾಟಿದ 93,263 ಜನರ ಮಾಹಿತಿಯನ್ನು ನೋಡಿತು. ಹವ್ಯಾಸ ಇದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಹೆಚ್ಚು. ಇಲ್ಲೊಂದು ಎಚ್ಚರ: ಆರೋಗ್ಯ ಚೆನ್ನಾಗಿರುವವರಿಗೆ ಹವ್ಯಾಸ ಇಟ್ಟುಕೊಳ್ಳುವುದೂ ಸುಲಭ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇಂಥ ಅಧ್ಯಯನ ಪೂರ್ತಿ ಬಿಡಿಸಲಾರದು.

ಸಣ್ಣ ಪ್ರಯೋಗಗಳೂ ಇವೆ. ನೆದರ್ಲೆಂಡ್ಸ್‌ನಲ್ಲಿ 30 ಮಂದಿ ತೋಟಗಾರರಿಗೆ ಮೊದಲು ಒತ್ತಡದ ಕೆಲಸ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ಗಂಟೆ ಕೈತೋಟದಲ್ಲಿ, ಉಳಿದವರನ್ನು ಒಳಗೆ ಓದಲು ಬಿಟ್ಟರು. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಎರಡೂ ಗುಂಪಿನಲ್ಲಿ ಇಳಿಯಿತು, ತೋಟದವರಲ್ಲಿ ಹೆಚ್ಚು ಇಳಿಯಿತು. ಅಮೆರಿಕದಲ್ಲಿ 39 ಜನ 45 ನಿಮಿಷ ಬಣ್ಣ, ಮಣ್ಣು, ಕಾಗದದಲ್ಲಿ ಏನಾದರೂ ಮಾಡಿದಾಗ ಸುಮಾರು 75% ಜನರ ಕಾರ್ಟಿಸೋಲ್ ಇಳಿಯಿತು. ಮೊದಲೇ ಕಲೆ ಗೊತ್ತಿತ್ತೋ ಇಲ್ಲವೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಸಣ್ಣ ಸಂಖ್ಯೆ, ಹೋಲಿಕೆಗೆ ಬೇರೆ ಗುಂಪಿಲ್ಲ, ಹಾಗಾಗಿ ಇದನ್ನು ಹಿಡಿದುಕೊಂಡು ಕುಣಿಯಬೇಕಾಗಿಲ್ಲ. ಆದರೂ ‘ನನಗೆ ರಂಗೋಲಿ ಚೆನ್ನಾಗಿ ಬರಲ್ಲ’ ಎಂದು ಹಿಂಜರಿಯುವವರಿಗೆ ಸಮಾಧಾನದ ವಿಷಯ. ಗುಂಪಿನಲ್ಲಿ ಹಾಡುವುದರ ಬಗ್ಗೆಯೂ ಬ್ರಿಟನ್ನಿನಲ್ಲಿ ಅಧ್ಯಯನ ನಡೆದಿದೆ: ಕರಕುಶಲ, ಬರವಣಿಗೆಯ ತರಗತಿಗಳಿಗಿಂತ ಹಾಡಿನ ತರಗತಿಯಲ್ಲಿ ಅಪರಿಚಿತರು ಬೇಗ ಹತ್ತಿರವಾದರು. ನಮ್ಮ ಭಜನಾ ಮಂಡಳಿಗಳಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ನಿಜಕ್ಕೂ ಗಟ್ಟಿಯಾದ ಪುರಾವೆ ನಮ್ಮ ಪಕ್ಕದ ಗೋವಾದಿಂದ ಬಂದಿದೆ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು, ಸಾಕಷ್ಟು ತೀವ್ರ ಖಿನ್ನತೆ ಇದ್ದ ಸುಮಾರು 500 ಜನರ ಮೇಲೆ ಪ್ರಯೋಗ ನಡೆಸಿದರು. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಗಳಲ್ಲಿ ಸಲಹೆ ಕೊಟ್ಟರು. ಸಲಹೆಯ ತಿರುಳು ಸರಳ: ಮೂಡ್ ಬಂದ ಮೇಲೆ ಮಾಡೋಣ ಎಂದು ಕಾಯಬೇಡಿ. ಹಿಂದೆ ಖುಷಿ ಕೊಡುತ್ತಿದ್ದ ಅಥವಾ ಮಾಡಿ ಮುಗಿಸಿದ ತೃಪ್ತಿ ಕೊಡುವ ಸಣ್ಣ ಕೆಲಸವನ್ನು ಸಮಯ ಗೊತ್ತುಮಾಡಿ ಮಾಡಿ. ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಮೂರು ತಿಂಗಳ ನಂತರ ಈ ಗುಂಪಿನ 64% ಜನರಲ್ಲಿ ಖಿನ್ನತೆ ಹತೋಟಿಗೆ ಬಂದಿತ್ತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 39%.

ಇದನ್ನು ಓದಿ ‘ನೋಡಿ, ಹವ್ಯಾಸ ಸಾಕು’ ಎನ್ನುವ ಮುನ್ನ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಕೆಲಸ ಮಾಡಿದ್ದು ಬರೀ ಹವ್ಯಾಸವಲ್ಲ. ವಾರ ವಾರ ಕೇಳುವವರೊಬ್ಬರಿದ್ದರು, ಆಗದಿದ್ದರೆ ಕೆಲಸವನ್ನು ಇನ್ನಷ್ಟು ಚಿಕ್ಕದು ಮಾಡಿಕೊಡುತ್ತಿದ್ದರು. ಮನೆಯವರು ಮಾಡಬಹುದಾದದ್ದು ಇಲ್ಲೇ ಇದೆ. ‘ಏನಾದರೂ ಮಾಡು’ ಎನ್ನುವುದಕ್ಕಿಂತ ‘ಬಾ, ಗಿಡಕ್ಕೆ ನೀರು ಹಾಕೋಣ’ ಎನ್ನುವುದು ಸುಲಭವಾಗಿ ನಡೆಯುತ್ತದೆ.

21 ದಿನದ ಲೆಕ್ಕ

ಇದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ ಬರೆದ ಮಾತಿನಿಂದ ಹುಟ್ಟಿದ್ದು. ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂದಿದ್ದರು ಅವರು. ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ ಹೊಸ ಅಭ್ಯಾಸ ತಾನಾಗಿಯೇ ನಡೆಯಲು ಸರಾಸರಿ 66 ದಿನ ಬೇಕಾಯಿತು, 18ರಿಂದ 254 ದಿನದವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ.

ಪ್ರವಾಸ, ಹವ್ಯಾಸ ಸಾಲದು ಎಂದು ಯಾವಾಗ ತಿಳಿಯಬೇಕು?

ದಿನದ ಬಹುಪಾಲು ಬೇಸರ, ಅಥವಾ ಮೊದಲು ಇಷ್ಟವಿದ್ದದ್ದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರ ಮೀರಿದರೆ, ಜೊತೆಗೆ ನಿದ್ದೆ, ಊಟ, ಕೆಲಸ ಏರುಪೇರಾದರೆ, ಅದು ಬರೀ ದಣಿವಲ್ಲದಿರಬಹುದು. ವೈದ್ಯರನ್ನು ಕಾಣಬೇಕು. ಸಾವಿನ ನಂತರದ ತೀವ್ರ ದುಃಖ ಆರು ತಿಂಗಳು ದಾಟಿದರೂ ದಿನನಿತ್ಯದ ಬದುಕನ್ನೇ ನಿಲ್ಲಿಸಿದ್ದರೆ, ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ ಚಿಕಿತ್ಸೆ ಬೇಕಾದ ಸ್ಥಿತಿ ಎಂದೇ ಗುರುತಿಸುತ್ತದೆ. ಇಂಥವರನ್ನು ಬಲವಂತವಾಗಿ ಟೂರ್‌ಗೆ ಎಳೆದುಕೊಂಡು ಹೋದರೆ, ಎಲ್ಲರೂ ನಗುವ ಕಡೆ ತಾನೊಬ್ಬನೇ ನಗಲಾರೆ ಎಂಬ ಸಂಕಟವೂ ಸೇರಿಕೊಳ್ಳಬಹುದು.

‘ಮಾತ್ರೆ ಬಿಡಿ, ಪ್ರವಾಸ ಹೋಗಿ’ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು. ಒಮ್ಮೆಲೇ ಬಿಟ್ಟರೆ ತಲೆಸುತ್ತು, ಕಳವಳ, ನಿದ್ದೆಗೇಡು ಆಗಬಹುದು, ಕಾಯಿಲೆ ಮರಳಬಹುದು. ಪ್ರವಾಸ ಹೊರಡುವುದಾದರೆ ಎರಡು ಮೂರು ದಿನದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ, ಚೀಟಿಯ ಫೋಟೋ ಮೊಬೈಲ್‌ನಲ್ಲಿರಲಿ.

ಮನೋವೈದ್ಯರ ಬಳಿ ಹೋಗಲು ಹಿಂಜರಿಕೆ ಇದ್ದರೆ, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶನ ಮಾಡುತ್ತದೆ. ಬದುಕು ಬೇಡ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಒಮ್ಮೆ ಬಂದರೂ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆ ಮಾಡಿ. ಅವರೇ ಮಾತಾಡಬೇಕೆಂದಿಲ್ಲ, ಅವರ ಪರವಾಗಿ ಮನೆಯವರೂ ಕೇಳಬಹುದು.