ಸೆರಾವೊ, ಮತಿಲ್ದೆ

1856-1927. ಇಟಲಿಯ ಪತ್ರಕರ್ತೆ, ಸಂಪಾದಕಿ, ಕಾದಂಬರಿಗಾರ್ತಿ. ಆ ದೇಶದಲ್ಲಿ ದಿನಪತ್ರಿಕೆ ಸ್ಥಾಪಿಸಿ ಸಂಪಾದಿಸಿದ ಮೊದಲ ಮಹಿಳೆ ಎಂಬ ಹೆಸರು ಈಕೆಯದು. ಸಾಹಿತ್ಯ ಚರಿತ್ರೆಗಳು ಸೆರಾವೊಳನ್ನು ವಾಸ್ತವವಾದಿ ಕಾದಂಬರಿಕಾರರ ಸಾಲಿನಲ್ಲಿ ಕೂರಿಸುತ್ತವೆ. ಆದರೆ ಆಕೆಯ ನಿಜವಾದ ಶಕ್ತಿ ಇದ್ದದ್ದು ಪತ್ರಿಕಾ ಬರಹದಲ್ಲಿ. ಕಾದಂಬರಿಗಳಲ್ಲಿ ಇಂದಿಗೂ ಜೀವಂತವಾಗಿರುವ ಪುಟಗಳು ಕೂಡ ವರದಿಗಾರ್ತಿಯ ಕಣ್ಣು ಕಂಡವೇ.

ಹುಟ್ಟಿದ್ದು ಗ್ರೀಸಿನ ಪತ್ರಾಸ್‌ನಲ್ಲಿ. ತಂದೆ ಫ್ರಾಂಚೆಸ್ಕೊ ನೇಪಲ್ಸ್‌ನವನು. ಅಲ್ಲಿನ ಬೂರ್ಬನ್ ಅರಸರನ್ನು ವಿರೋಧಿಸಿ ದೇಶ ಬಿಟ್ಟಿದ್ದ. ತಾಯಿ ಪಾವೊಲಿನಾ ಗ್ರೀಸಿನವಳು. 1860ರಲ್ಲಿ ಬೂರ್ಬನ್ ಆಳ್ವಿಕೆ ಕುಸಿದ ಬಳಿಕ ಕುಟುಂಬ ನೇಪಲ್ಸ್‌ಗೆ ಮರಳಿತು. ಮನೆಯಲ್ಲಿ ಹಣದ ಮುಗ್ಗಟ್ಟು. ಶಿಕ್ಷಕಿಯಾಗಲು ತರಬೇತಿ ಪಡೆದ ಮತಿಲ್ದೆ ಸರ್ಕಾರಿ ತಂತಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಕಡಿಮೆ ಸಂಬಳ, ಬಿಗಿ ಶಿಸ್ತು, ದುಡಿಯುವ ಹುಡುಗಿಯರ ಗೆಳೆತನ ಮುಂದೆ ಆಕೆಯ ಅತ್ಯುತ್ತಮ ನೀಳ್ಗತೆಯೊಂದಕ್ಕೆ ವಸ್ತುವಾದವು. ಹೊಟ್ಟೆಪಾಡಿಗಾಗಿ ಕಚೇರಿಗೆ ಹೋಗುವ ಮಧ್ಯಮವರ್ಗದ ಹೆಣ್ಣುಮಕ್ಕಳನ್ನು ಇಷ್ಟು ಹತ್ತಿರದಿಂದ ಬಲ್ಲವರು ಆಗಿನ ಇಟಲಿಯ ಲೇಖಕರಲ್ಲಿ ಬಹಳ ಮಂದಿ ಇರಲಿಲ್ಲ.

1882ರಲ್ಲಿ ರೋಮ್‌ಗೆ ಹೋಗಿ 'ಕಪಿತಾನ್ ಫ್ರಕಾಸ್ಸ' ಪತ್ರಿಕೆ ಸೇರಿದಳು. ಎರಡೇ ವರ್ಷದಲ್ಲಿ ನೇಪಲ್ಸ್‌ಗೆ ಕಾಲರಾ ಬಡಿಯಿತು. ಸುಮಾರು 7,000 ಜನ ಸತ್ತರು. ನಗರದ ಕರುಳನ್ನೇ ಬಗೆದು ತೆರೆಯಬೇಕು ಎಂದು ಪ್ರಧಾನಿ ಅಗೊಸ್ತೀನೊ ದೆಪ್ರೇತಿಸ್ ಘೋಷಿಸಿದ. ಅದಕ್ಕೆ ಉತ್ತರವಾಗಿ ಸೆರಾವೊ ಬರೆದ ಲೇಖನಮಾಲೆ ಅದೇ 1884ರಲ್ಲಿ 'ಇಲ್ ವೆಂತ್ರೆ ದಿ ನಾಪೊಲಿ' (ನೇಪಲ್ಸ್‌ನ ಹೊಟ್ಟೆ) ಎಂಬ ಪುಸ್ತಕವಾಯಿತು. ನಾಲ್ಕು ರಸ್ತೆ ಅಗಲ ಮಾಡಿದರೆ ಸಾಲದು, ಇಡೀ ಕೆಳನಗರವನ್ನೇ ಹೊಸದಾಗಿ ಕಟ್ಟಬೇಕು ಎಂಬುದು ಅದರ ವಾದ. ವಾದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿಯುವುದು ಅಲ್ಲಿನ ವಿವರ. ಬಡವರು ಏನು ತಿನ್ನುತ್ತಾರೆ, ಎಷ್ಟು ಕಾಸಿಗೆ, ಯಾರ ಬಳಿ ಸಾಲ ತರುತ್ತಾರೆ, ಲಾಟರಿಯ ಶನಿವಾರಕ್ಕಾಗಿ ಹೇಗೆ ಕಾಯುತ್ತಾರೆ ಎಂಬುದನ್ನೆಲ್ಲ ಬೆಲೆ ಸಮೇತ ದಾಖಲಿಸಿದಳು. ಒಂದೆರಡು ಸೋಲ್ದೊ ಕಾಸಿಗೆ ತುಂಡು ಲೆಕ್ಕದಲ್ಲಿ ಮಾರುವ ಪಿಜ್ಜಾ ಬೀದಿ ಮೂಲೆಯಲ್ಲಿ ಚಳಿಗೆ ಸೆಟೆದು, ಬಿಸಿಲಿಗೆ ಹಳದಿಯಾಗಿ, ನೊಣ ಮುತ್ತಿಸಿಕೊಂಡು ಕೂತಿರುತ್ತದೆ. ಮಕ್ಕಳ ಬೆಳಗಿನ ತಿಂಡಿ ಅದೇ. ರೋಮ್‌ನಲ್ಲಿ ಪಿಜ್ಜಾ ಅಂಗಡಿ ತೆರೆದು ಕೈಸುಟ್ಟುಕೊಂಡ ನೇಪಲ್ಸ್‌ನವನೊಬ್ಬನ ಕಥೆಯೂ ಇದೆ. ಇಂದು ಜಗತ್ತೆಲ್ಲ ತಿನ್ನುವ ತಿನಿಸು ಆಗ ಸ್ವಂತ ದೇಶದಲ್ಲೇ ಒಂದು ಊರಿನ ಬಡವರ ಊಟವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಸುಮಾರು ಇಪ್ಪತ್ತು ವರ್ಷಗಳ ನಂತರ ಆಕೆ ಅದೇ ಗಲ್ಲಿಗಳಿಗೆ ಮರಳಿ, ಕಾಲರಾದ ನಂತರ ಸರ್ಕಾರ ತೆರೆದ ಹೊಸ ಹೆದ್ದಾರಿ ಕೊಳೆಗೇರಿಗಳನ್ನು ಮರೆಮಾಚಿದೆಯೇ ಹೊರತು ನೀಗಿಸಿಲ್ಲ ಎಂದು ಬರೆದಳು. ಒಮ್ಮೆ ಬರೆದು ಕೈಬಿಡದೆ, ಸರ್ಕಾರ ಮಾಡಿದ್ದನ್ನು ಖುದ್ದಾಗಿ ನೋಡಿ ಬಂದ ಈ ನಡೆಯೇ ಆಕೆಯ ಪತ್ರಿಕಾಧರ್ಮ.

1885ರಲ್ಲಿ ಪತ್ರಕರ್ತ ಎದುವಾರ್ದೊ ಸ್ಕಾರ್ಫೋಲ್ಯೊನನ್ನು ಮದುವೆಯಾದಳು; ನಾಲ್ವರು ಗಂಡುಮಕ್ಕಳು. ದಂಪತಿ ಆರಂಭಿಸಿದ 'ಕೊರ್ರಿಯೆರೆ ದಿ ರೋಮಾ' ಸಾಲದಲ್ಲಿ ಮುಳುಗಿತು. ಬ್ಯಾಂಕರ್ ಮತ್ತೇವೊ ಸ್ಕಿಲಿತ್ಸಿಯ ನೆರವಿನಿಂದ ನೇಪಲ್ಸ್‌ನಲ್ಲಿ 'ಕೊರ್ರಿಯೆರೆ ದಿ ನಾಪೊಲಿ' ಬಂತು. ದಂಪತಿಯೇ 1892ರ ಮಾರ್ಚ್ 16ರಂದು ಹೊರತಂದ 'ಇಲ್ ಮತ್ತೀನೊ' ದಕ್ಷಿಣ ಇಟಲಿಯ ಪ್ರಮುಖ ಪತ್ರಿಕೆಯಾಗಿ ಬೆಳೆದು ಇಂದಿಗೂ ನಡೆಯುತ್ತಿದೆ. ಅದರಲ್ಲಿ 'ಜಿಬುಸ್' ಎಂಬ ಗುಪ್ತನಾಮದಲ್ಲಿ ಸೆರಾವೊ ಬರೆಯುತ್ತಿದ್ದ ಅಂಕಣ ಮದುವೆ, ನೃತ್ಯಕೂಟ, ಉಡುಗೆತೊಡುಗೆ, ಊರಿನ ಗುಸುಗುಸುಗಳಿಗೆ ಮೀಸಲು. ಜೇನು, ನೊಣ, ಕಣಜಗಳ ಹೆಸರು ಹೊತ್ತ ಈ ಅಂಕಣವನ್ನು ಹಗುರ ಬರಹವೆಂದು ಬದಿಗಿಡುವುದು ತಪ್ಪು. ಪತ್ರಿಕೆಯನ್ನು ಹೆಂಗಸರ ಕೈಗೆ ತಲುಪಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ದಾಂಪತ್ಯ ಸುಖಕರವಾಗಿರಲಿಲ್ಲ. 1894ರಲ್ಲಿ ಸ್ಕಾರ್ಫೋಲ್ಯೊನ ಪ್ರೇಯಸಿ, ಫ್ರೆಂಚ್ ಗಾಯಕಿ ಗಾಬ್ರಿಯೆಲ್ ಬೆಸ್ಸಾರ್, ಎಳೆಗೂಸನ್ನು ಇವರ ಮನೆ ಬಾಗಿಲಲ್ಲಿ ಬಿಟ್ಟು ಆತ್ಮಹತ್ಯೆ ಮಾಡಿಕೊಂಡಳು. ಸೆರಾವೊ ಆ ಮಗುವಿಗೆ ತನ್ನ ತಾಯಿಯ ಹೆಸರಿಟ್ಟು ಸಾಕಿದಳು. ನೇಪಲ್ಸ್ ಪುರಸಭೆಯ ಭ್ರಷ್ಟಾಚಾರ ಕುರಿತ ಸರೇದೊ ಆಯೋಗದ ತನಿಖೆಯಲ್ಲಿ (1900-01) ಗಂಡಹೆಂಡಿರಿಬ್ಬರ ಮೇಲೂ ಆರೋಪ ಬಂತು. ಬಡವರ ಪರ ಬರೆದ ಲೇಖನಿಗೆ ಇದು ಅಂಟಿದ ಕಲೆ. ಆಕೆಯ ಬದುಕನ್ನು ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗಲಾಗದು. ಆ ಮೇಲೆ ಗಂಡನನ್ನೂ 'ಮತ್ತೀನೊ'ವನ್ನೂ ಬಿಟ್ಟು, 1904ರಲ್ಲಿ ಜುಸೆಪ್ಪೆ ನತಾಲೆಯ ಜೊತೆಗೂಡಿ 'ಇಲ್ ಜೋರ್ನೊ' ಸ್ಥಾಪಿಸಿದಳು. (1956ರಲ್ಲಿ ಮಿಲಾನ್‌ನಲ್ಲಿ ಶುರುವಾದ ಇದೇ ಹೆಸರಿನ ಪತ್ರಿಕೆ ಬೇರೆ.) ಕೊನೆಯವರೆಗೂ ಅದರ ಸಂಪಾದಕಿಯಾಗಿದ್ದಳು.

ಸ್ವತಃ ಸುದ್ದಿಮನೆ ಆಳಿದ ಈಕೆ ಹೆಂಗಸರ ಮತದಾನದ ಹಕ್ಕನ್ನೂ ವಿಚ್ಛೇದನವನ್ನೂ ವಿರೋಧಿಸಿ ಬರೆದಳು. ಈ ವಿರೋಧಾಭಾಸಕ್ಕೆ ಸಮಾಧಾನ ಹುಡುಕಬೇಕಾಗಿಲ್ಲ. ಆಕೆಯ ಅನುಕಂಪ ದುಡಿಯುವ ಹೆಣ್ಣಿನ ಹಸಿವು, ದಣಿವುಗಳನ್ನು ಮುಟ್ಟಿತು, ಅವಳ ಹಕ್ಕಿನವರೆಗೆ ಹೋಗಲಿಲ್ಲ. ರಾಜಕೀಯವಾಗಿ ಕೊನೆಯ ವರ್ಷಗಳ ನಿಲುವು ದಿಟ್ಟವಾದದ್ದು: 1925ರಲ್ಲಿ ಬೆನೆದೆತ್ತೊ ಕ್ರೋಚೆ ಹೊರಡಿಸಿದ ಫ್ಯಾಸಿಸ್ಟ್‌ವಿರೋಧಿ ಬುದ್ಧಿಜೀವಿಗಳ ಪ್ರಣಾಳಿಕೆಗೆ ಸಹಿ ಹಾಕಿದಳು, ಮರುವರ್ಷ ಯುದ್ಧವನ್ನು ಖಂಡಿಸುವ 'ಮೋರ್ಸ್ ತುವಾ' ಕಾದಂಬರಿ ಪ್ರಕಟಿಸಿದಳು.

ಉಳಿದ ಕೃತಿಗಳಲ್ಲಿ ಲಾಟರಿಯ ಹುಚ್ಚಿಗೆ ಬಲಿಯಾದ ನಗರವನ್ನು ಚಿತ್ರಿಸುವ 'ಇಲ್ ಪಯೇಸೆ ದಿ ಕುಕ್ಕಾನ್ಯ' (1891) ಮುಖ್ಯ. ಹೆನ್ರಿ ಜೇಮ್ಸ್ ಆಕೆಯ ಬಗ್ಗೆ ದೀರ್ಘ ವಿಮರ್ಶಾ ಲೇಖನ ಬರೆದಿದ್ದಾನೆ. 1927ರ ಜುಲೈ 25ರಂದು ಸೆರಾವೊ ನೇಪಲ್ಸ್‌ನಲ್ಲಿ ತೀರಿಕೊಂಡಳು.