ಅಪ್ಪ ತಂದ ಕಂಪ್ಯೂಟರು

ನಮ್ಮೂರು ತಾಳ್ಯ, ಹೊಳಲ್ಕೆರೆ ತಾಲ್ಲೂಕು. ತೊಂಬತ್ತರ ದಶಕದ ಕೊನೇಲಿ, ಅಡಿಕೆ ದುಡ್ಡು ಕೈಗೆ ಬಂದ ವರ್ಷ ಅಪ್ಪ ಚಿತ್ರದುರ್ಗದಿಂದ ಒಂದು ಪೆಟ್ಟಿಗೆ ತಂದರು. ಒಳಗೆ ಕೀಬೋರ್ಡು, ಎರಡು ಜಾಯ್‌ಸ್ಟಿಕ್ಕು, ಪ್ಲಾಸ್ಟಿಕ್ ಗನ್ನು, ಒಂದು ಹಳದಿ ಕ್ಯಾಸೆಟ್ಟು. "ಕಂಪ್ಯೂಟರ್ ಕಣೇ, ಹುಡುಗ್ರು ಕಲೀಲಿ" ಅಂದರು. ನಡುಮನೆ ಟಿವಿಗೆ ವೈರು ಸಿಕ್ಕಿಸಿ ಚಾನೆಲ್ ತಿರುವಿದಾಗ ಬಂದದ್ದು ಬಾತುಕೋಳಿ. ಅಮ್ಮ ಸೀರಿಯಲ್ಲು ತಪ್ಪಿದ ಸಿಟ್ಟಲ್ಲಿ, "ಇದನ್ನೇನಾ ಕಲಿಯೋದು?" ಅಂದಳು.

ಅಪ್ಪ ಮೋಸಹೋದರು ಅಂತಲೇ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಆ ಪೆಟ್ಟಿಗೆಯ ಇತಿಹಾಸ ಓದಿದ ಮೇಲೆ ಹಾಗೆ ಅನ್ನಿಸುತ್ತಿಲ್ಲ.

ಟಿವಿಯಲ್ಲಿ ಆಟ ಆಡಬಹುದು ಅನ್ನೋ ಯೋಚನೆ ಅಮೆರಿಕದ ಎಂಜಿನಿಯರ್ ರಾಲ್ಫ್ ಬೇರ್‌ಗೆ ಹೊಳೆದದ್ದು 1966ರಲ್ಲಿ. ಅದರಿಂದ ಹುಟ್ಟಿದ ಮೊದಲ ಕನ್ಸೋಲ್ 'ಒಡಿಸ್ಸಿ' 1972ರಲ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ಕಂಪ್ಯೂಟರೇ ಟಿವಿ ಹುಡುಕಿಕೊಂಡು ನಡುಮನೆಗೆ ಬಂತು. 1982ರ ಬ್ರಿಟನ್ನಿನ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಮನೆ ಟಿವಿಯೇ ಪರದೆ, ಹಾಡು ಕೇಳೋ ಟೇಪ್‌ರೆಕಾರ್ಡರೇ ಅದರ ನೆನಪು. ಅಲ್ಲಿನ ಹುಡುಗರು ಆಟ ಆಡಿದರು, ಬೇಜಾರಾದಾಗ ತಾವೇ ಆಟ ಬರೆದರು, ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಿಕೊಂಡರು.

1983ರಲ್ಲಿ ಜಪಾನಿನ ನಿಂಟೆಂಡೊ ಒಂದು ಕನ್ಸೋಲ್ ತಂದು 'ಫ್ಯಾಮಿಲಿ ಕಂಪ್ಯೂಟರ್' ಅಂತ ಹೆಸರಿಟ್ಟಿತು. ಕೀಬೋರ್ಡಿಲ್ಲ, ಕ್ಯಾಸೆಟ್ಟು ಹಾಕು, ಆಡು, ಅಷ್ಟೇ. ಆದರೆ ಅದರ ಮಿದುಳು 6502 ಅನ್ನೋ ಚಿಪ್ಪಿನ ವಂಶದ್ದು. ಆಪಲ್ 2 ಒಳಗಿದ್ದದ್ದೂ ಅದೇ ಚಿಪ್ಪು. 1984ರಲ್ಲಿ ಶುರುವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಕೆಲವು ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಒಳಗಿದ್ದದ್ದೂ ಅದೇ. ಅದೇ ವರ್ಷ ನಿಂಟೆಂಡೊ ಕೂಡ ಜಪಾನಿನಲ್ಲಿ ಕೀಬೋರ್ಡು, ಬೇಸಿಕ್ ಭಾಷೆ ಕೊಟ್ಟು, ಬರೆದದ್ದನ್ನು ಟೇಪಿನಲ್ಲಿ ಉಳಿಸೋ ದಾರಿಯನ್ನೂ ಮಾಡಿತು.

ನಮ್ಮ ಪೆಟ್ಟಿಗೆ ಆ ಫ್ಯಾಮಿಲಿ ಕಂಪ್ಯೂಟರಿನ ನಕಲು. ಕ್ಯಾಸೆಟ್ಟಿನ ಮೇಲೆ '9999 ಆಟ' ಅಂತ ಬರೆದಿತ್ತು, ಎಣಿಸಿದರೆ ಹತ್ತಿಪ್ಪತ್ತೇ ತಿರುಗಾಮುರುಗಾ. ಆದರೆ ಮೆನುವಿನ ಮೂಲೆಯಲ್ಲಿ ಬೇಸಿಕ್ ಇತ್ತು. ಜೊತೆಗೆ ಬಂದಿದ್ದ ಚಿಕ್ಕ ಪುಸ್ತಕ ನೋಡ್ಕೊಂಡು ನಾನು ಮೂವತ್ತು ಸಾಲು ಬರೆದೆ. ಪರದೆ ಮೇಲೆ ನನ್ನ ಹೆಸರು ಎಡದಿಂದ ಬಲಕ್ಕೆ ಓಡಿತು! ಅಮ್ಮನ್ನ ಕರೆಯೋಷ್ಟರಲ್ಲಿ ಕರೆಂಟು ಹೋಯ್ತು. ಬಂದಾಗ ಏನೂ ಇರಲಿಲ್ಲ. ನಕಲು ಮಾಡಿದವರು ಕೀಬೋರ್ಡು ಕೊಟ್ಟಿದ್ದರು, ಉಳಿಸೋ ದಾರಿ ಕೊಟ್ಟಿರಲಿಲ್ಲ.

ಕಂಪ್ಯೂಟರಿಗೂ ಕನ್ಸೋಲಿಗೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ. ಚಿಪ್ಪಿನಲ್ಲಿಲ್ಲ, ಟಿವಿಯಲ್ಲಿಲ್ಲ. ನಾವು ಬರೆದದ್ದು ನಾಳೆಗೂ ಇರುತ್ತಾ ಅನ್ನೋದರಲ್ಲಿದೆ.

ನಾನು ಅಳೋದು ನೋಡಿ ಅಪ್ಪ ಅಂದಿದ್ದು ಒಂದೇ ಮಾತು: "ನೋಟ್‌ಬುಕ್ನಾಗೆ ಬರ್ಕೊಳ್ಳೋ, ಕರೆಂಟ್ ಬಂದ್ಮೇಲೆ ಹೊಡಿ." ಹಾಗೇ ಮಾಡಿದೆ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಕ್ಕನ ಮಗ ಲ್ಯಾಪ್‌ಟಾಪನ್ನು ದೊಡ್ಡ ಟಿವಿಗೆ ಎಚ್‌ಡಿಎಂಐ ವೈರಿನಲ್ಲಿ ಸಿಕ್ಕಿಸಿ ಕಾರಿನ ಆಟ ಆಡ್ತಿದ್ದ. ಅಟ್ಟದ ಮೇಲಿನ ಹಳೇ ಪೆಟ್ಟಿಗೆ ಇಳಿಸಿ ಅದೇ ಟಿವಿಗೆ ಹಾಕಿದೆ. ಬಾತುಕೋಳಿ ಬಂತು, ಗನ್ನು ಮಾತ್ರ ಕೆಲಸ ಮಾಡಲಿಲ್ಲ. ಕುದುರೆ ಒತ್ತಿದಾಗ ಪರದೆ ಕ್ಷಣ ಕಪ್ಪಾಗಿ ಹಕ್ಕಿ ಇದ್ದ ಕಡೆ ಬಿಳಿ ಚೌಕ ಬರುತ್ತೆ, ಗನ್ನಿನ ಕಣ್ಣು ಆ ಬೆಳಕು ಹುಡುಕುತ್ತೆ. ಹಳೇ ಡಬ್ಬಾ ಟಿವಿಯ ವೇಗಕ್ಕೆ ಕೂಡಿಸಿದ ಲೆಕ್ಕ ಅದು. ಚಪ್ಪಟೆ ಟಿವಿ ಚಿತ್ರ ತೋರಿಸೋದು ಸ್ವಲ್ಪ ತಡ.

"ವೇಸ್ಟು ಮಾಮ," ಅಂದ ಹುಡುಗ. ನಾನು ಅಟ್ಟ ಹತ್ತಿ ಆ ನೋಟ್‌ಬುಕ್ಕು ಹುಡುಕಿದೆ. ಇಲಿ ಕಡಿದ ಹಾಳೆ ಬಿಟ್ಟು ಹನ್ನೆರಡು ಸಾಲು ಓದಲು ಬರ್ತಿತ್ತು. ಅವನ್ನು ಕೀಬೋರ್ಡಿನಲ್ಲಿ ಕುಟ್ಟಿದ್ವಿ. ಈ ಸಲ ಓಡಿದ್ದು ಅವನ ಹೆಸರು. ಅಮ್ಮನೂ ನೋಡಿದಳು.