ಹಳೆಯ ವೋಕ್ಸ್‌ವ್ಯಾಗನ್ ಕ್ಯಾಂಪರ್‌ಗಳ ಚಾಸಿ ಗ್ರೀಸಿಂಗ್

ವೋಕ್ಸ್‌ವ್ಯಾಗನ್ ಟೈಪ್ 2 ವ್ಯಾನಿನ ತಯಾರಿಕೆ 1950ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಮಲಗಲು, ಉಣ್ಣಲು ಬೇಕಾದ ಪೀಠೋಪಕರಣ ಕೂಡಿಸಿ ಕ್ಯಾಂಪರ್ ಮಾಡಿತು. ಈ ಗಾಡಿಗಳ ಮುಂಭಾಗದ ತೂಕ ಹೊರುವುದು ಅಡ್ಡಲಾಗಿ ಕೂರಿಸಿದ ಎರಡು ಉಕ್ಕಿನ ಕೊಳವೆಗಳು. ಅವುಗಳೊಳಗಿನ ಟಾರ್ಶನ್ ಬಾರ್‌ಗಳೇ ಇಲ್ಲಿ ಸ್ಪ್ರಿಂಗ್. ಕೊಳವೆಯ ಬೇರಿಂಗ್ ಒಣಗಿದರೆ ಇಡೀ ಆಕ್ಸಲ್ ಬಿಚ್ಚಬೇಕಾಗುವುದರಿಂದ, ಚಾಸಿಯ ಆರೈಕೆಯಲ್ಲಿ ಮೊದಲ ಗಮನ ಇಲ್ಲಿಗೇ ಸಲ್ಲಬೇಕು.

1967ರವರೆಗಿನ ಮಾದರಿಗಳಲ್ಲಿ ಕಿಂಗ್ ಪಿನ್, ಲಿಂಕ್ ಪಿನ್‌ಗಳಿಗೂ ಗ್ರೀಸ್ ಕೊಡಬೇಕು. ಅವು ಪದೇ ಪದೇ ಕೇಳುತ್ತವೆ. ಅನಂತರ ಬಂದ ಬಾಲ್ ಜಾಯಿಂಟ್‌ಗಳು ಸೀಲ್ ಆಗಿರುವುದರಿಂದ ಆ ಕೆಲಸ ತಪ್ಪಿತು. ಉಳಿದದ್ದು ಕೊಳವೆಗಳ ನಾಲ್ಕು ನಿಪ್ಪಲ್ (ಗ್ರೀಸ್ ತುಂಬುವ ಮೂತಿ) ಮತ್ತು ಸ್ಟಿಯರಿಂಗಿನ ನಡುವಿನ ಪಿನ್ನಿನ ಒಂದು ನಿಪ್ಪಲ್. ಈ ಐದನೆಯದು ಕೆಸರಿನಡಿ ಮುಚ್ಚಿಹೋಗಿ ಮರೆತುಹೋಗುವುದೇ ಹೆಚ್ಚು.

ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿಯೇ ಗ್ರೀಸ್ ಹೊಡೆಯಬೇಕು. ಭಾರ ಬಿದ್ದಿರುವಾಗ ಬೇರಿಂಗಿನ ಒತ್ತಿದ ಮಗ್ಗುಲಿಗೆ ಗ್ರೀಸ್ ಇಳಿಯುವುದಿಲ್ಲ. ನಿಪ್ಪಲ್ ಒರೆಸದೆ ಗ್ರೀಸ್ ಗನ್ ಹಚ್ಚಿದರೆ ಮೇಲಿನ ಮರಳೂ ಒಳಹೋಗುತ್ತದೆ. ಸೀಲಿನ ಅಂಚಿನಲ್ಲಿ ಹೊಸ ಗ್ರೀಸ್ ಇಣುಕುವವರೆಗೆ ನಿಧಾನವಾಗಿ ಒತ್ತಬೇಕು. ಮೊದಲು ತುಕ್ಕುಬಣ್ಣದ ನೀರು ಬಂದರೆ ಸೀಲ್ ಹೋಗಿದೆಯೆಂದೇ ಲೆಕ್ಕ. ಏನೂ ಬಾರದಿದ್ದರೆ ನಿಪ್ಪಲ್ ಕಟ್ಟಿದೆ, ಇಲ್ಲವೇ ಹಳೆಯ ಗ್ರೀಸ್ ಗಟ್ಟಿಯಾಗಿದೆ. ಅಗ್ಗದ ನಿಪ್ಪಲನ್ನು ಬದಲಿಸಿ ನೋಡುವುದು ಮೊದಲ ಹೆಜ್ಜೆ. ಲಿಥಿಯಂ ಗ್ರೀಸ್ ಸಾಕು. ಜೇಡಿಮಣ್ಣು ಆಧಾರಿತ ಗ್ರೀಸಿನ ಜೊತೆ ಅದು ಬೆರೆತರೆ ಎರಡೂ ಸಡಿಲಾಗಿ ಹರಿದುಹೋಗಬಹುದು. ಹೊರಚೆಲ್ಲಿದ್ದನ್ನು ಬ್ರೇಕಿನ ರಬ್ಬರ್ ಹೋಸ್‌ಗೆ ತಾಗದಂತೆ ಒರೆಸಬೇಕು.

ಮುಂದಿನ ಚಕ್ರದ ಬೇರಿಂಗ್‌ಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬುವುದು ಅಪರೂಪದ ಕೆಲಸ. ಎಡಚಕ್ರದ ಮುಚ್ಚಳದಲ್ಲಿ ಸ್ಪೀಡೋಮೀಟರ್ ಕೇಬಲಿನ ತುದಿ ಸಿಕ್ಕಿರುತ್ತದೆ. ಅದರ ಪಿನ್ ತೆಗೆಯದೆ ಮುಚ್ಚಳ ಎಳೆದರೆ ಕೇಬಲ್ ಕೆಡುತ್ತದೆ. ಟೇಪರ್ ರೋಲರ್ ಬೇರಿಂಗ್ ಇರುವ ಗಾಡಿಯಲ್ಲಿ, ನಟ್ಟಿನ ಹಿಂದಿನ ವಾಷರ್ ಸ್ಕ್ರೂಡ್ರೈವರ್ ತುದಿಯಿಂದ ಅಲ್ಪಸ್ವಲ್ಪ ಸರಿಯುವಷ್ಟೇ ಬಿಗಿಯಿರಬೇಕು.

ಹಿಂಬದಿಯಲ್ಲಿ, 1967ರವರೆಗಿನವುಗಳ ಚಕ್ರಗಳ ಬಳಿ ರಿಡಕ್ಷನ್ ಗೇರ್‌ಬಾಕ್ಸ್ ಇರುತ್ತದೆ. ಮುಖ್ಯ ಗೇರ್‌ಬಾಕ್ಸಿನ ಆಯಿಲ್ ನೋಡಿದವರು ಇವನ್ನೂ ನೋಡಬೇಕು. ನಂತರದ ಮಾದರಿಗಳಲ್ಲಿ ಚಕ್ರಕ್ಕೆ ತಿರುಗುಬಲ ಒಯ್ಯುವ ಸಿ.ವಿ. ಜಾಯಿಂಟ್‌ಗಳಿದ್ದು, ಅವಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಗ್ರೀಸ್ ಬೇಕು. ಅವನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದು ಕಂಡರೆ ತಡಮಾಡುವಂತಿಲ್ಲ.

ಕ್ಯಾಂಪರ್‌ಗೆ ಕಿಲೋಮೀಟರ್ ಲೆಕ್ಕವೊಂದೇ ನಂಬಿಕೆಗೆ ಸಾಲದು. ಯುರೋಪಿನ ಚಳಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಆಕ್ಸಲಿನಲ್ಲಿ ತೇವ ಕೂರುತ್ತದೆ, ಅದಕ್ಕೆ ಮುನ್ನ ಓಡಿದ್ದರೆ ಹಿಮ ಕರಗಿಸಲು ರಸ್ತೆಗೆ ಹಾಕಿದ ಉಪ್ಪೂ ಜೊತೆಯಾಗುತ್ತದೆ. ಆದ್ದರಿಂದ ನಿಲ್ಲಿಸುವ ಮುಂಚೆ ಒಮ್ಮೆ ಗ್ರೀಸ್ ಹೊಡೆಯುವುದು ಒಳ್ಳೆಯದು. 1979ರಲ್ಲಿ ಬಂದ ಮೂರನೇ ಪೀಳಿಗೆಯ ವ್ಯಾನಿನ ಮುಂಭಾಗಕ್ಕೆ ಕಾಯಿಲ್ ಸ್ಪ್ರಿಂಗ್ ಹಾಕಿದರು. ಆ ಪೀಳಿಗೆಯಲ್ಲಿ ಆ ಕೊಳವೆಗಳೂ ಅವುಗಳ ನಿಪ್ಪಲ್‌ಗಳೂ ಇಲ್ಲ.